ಪರದೆಯೊಳಗಿನ ಮನೆ

ನನ್ನ ಅತ್ತಿಗೆ ವ್ಲಾಸ್ತಾ ಮೂವತ್ತೇಳು ವರ್ಷ ಸಿನಿಮಾ ಪರದೆಯ ಹೊಟ್ಟೆಯೊಳಗೆ ಸಂಸಾರ ಮಾಡಿದಳು. ಹೊರಗಿನವರಿಗೆ ಇದು ಕಟ್ಟುಕತೆಯಂತೆ ಕೇಳಿಸಬಹುದು. ನಮ್ಮೂರು ಡುಬ್ರಾವದಲ್ಲಿ ಐವತ್ತು ದಾಟಿದ ಯಾರನ್ನು ಕೇಳಿದರೂ ಆ ಮನೆಯ ಅಡುಗೆಕೋಣೆಯ ಕಿಟಕಿಗೆ ಯಾವ ಬಣ್ಣದ ಬಟ್ಟೆ ಇಳಿಬಿಟ್ಟಿತ್ತು ಎಂಬುದನ್ನೂ ಹೇಳುತ್ತಾರೆ.

ಮೆಡೋಲಾರ್ಕ್ ಡ್ರೈವ್-ಇನ್ ಕಟ್ಟಿದವನು ನನ್ನ ಅಣ್ಣ ಎಮಿಲ್ ವೋಂದ್ರಾ. ಯುದ್ಧದ ಕಾಲದಲ್ಲಿ ಹಡಗಿನಲ್ಲಿ ರೇಡಿಯೋ ರಿಪೇರಿ ಮಾಡಿಕೊಂಡಿದ್ದವನಿಗೆ ನೆಬ್ರಾಸ್ಕಾಕ್ಕೆ ಮರಳಿದ ಮೇಲೆ ಹೊಲದಲ್ಲಿ ಮನಸ್ಸು ನಿಲ್ಲಲಿಲ್ಲ. ಅಪ್ಪ ಅವನ ಪಾಲಿಗೆ ಕೊಟ್ಟದ್ದು ಹೆದ್ದಾರಿ ಪಕ್ಕದ ಜೌಗು ನೆಲ. ಅಲ್ಲಿ ಓಟ್ಸ್ ಕೂಡ ನೆಟ್ಟಗೆ ತೆನೆ ಕಟ್ಟುತ್ತಿರಲಿಲ್ಲ. ಅಲ್ಲಿ ಬಯಲು ಟಾಕೀಸು ಕಟ್ಟುತ್ತೇನೆ, ಜನ ಕಾರಿನಲ್ಲೇ ಕೂತು ಸಿನಿಮಾ ನೋಡುತ್ತಾರೆ ಎಂದು ಎಮಿಲ್ ಹೇಳಿದಾಗ ಅಪ್ಪ ಊಟದ ತಟ್ಟೆಯಿಂದ ತಲೆ ಎತ್ತದೆ ಅಂದಿದ್ದ: “ಕಾರಲ್ಲಿ ಕೂತ್ಕೊಳ್ಳೋದು ಬಿಟ್ಟಿ, ಆಕಾಶ ನೋಡೋದೂ ಬಿಟ್ಟಿ. ನಿಂಗ್ಯಾಕೋ ಕೊಡ್ತಾರೆ ದುಡ್ಡು?”

ಕೊಟ್ಟರು. ಸಾವಿರದ ಒಂಬೈನೂರ ಐವತ್ತರ ಮೇ ತಿಂಗಳಲ್ಲಿ ಮೊದಲ ಆಟ. ಅದಕ್ಕೆ ಆರು ತಿಂಗಳು ಮೊದಲು ಎಮಿಲ್ ಮದುವೆಯಾಗಿದ್ದ. ವ್ಲಾಸ್ತಾ ಪಕ್ಕದ ಊರಿನ ಬೇಕರಿಯವರ ಮಗಳು. ಗಿಡ್ಡ ಆಳು, ಬಲವಾದ ತೋಳು, ಅದಕ್ಕಿಂತ ಬಲವಾದ ನಾಲಿಗೆ. ಪರದೆ ಎಂದರೆ ಬಟ್ಟೆಯಲ್ಲ, ಅರವತ್ತಡಿ ಎತ್ತರದ ಮರದ ಗೋಪುರ. ಪೂರ್ವದ ಬದಿಗೆ ಹಲಗೆ ಹೊಡೆದು ಬಿಳಿ ಬಣ್ಣ ಬಳಿದಿದ್ದರು. ಗಾಳಿ ತಡೆದು ನಿಲ್ಲಲಿ ಎಂದು ಎಮಿಲ್ ಅದರ ಬುಡವನ್ನು ಹದಿನಾರಡಿ ಅಗಲ ಮಾಡಿದ್ದ. ಕಟ್ಟುವಾಗ ನೋಡಲು ಬಂದ ವ್ಲಾಸ್ತಾ ಒಳಗೆ ಹೊಕ್ಕು ಸುತ್ತ ನೋಡಿ, “ಇಷ್ಟು ಜಾಗ ಖಾಲಿ ಬಿದ್ದಿರೋವಾಗ ಊರಲ್ಲಿ ಬಾಡಿಗೆ ಮನೆ ಯಾಕೆ?” ಎಂದಳು. ಕೆಳಗೆ ಅಡುಗೆಮನೆ, ಮೇಲೊಂದು ಮಲಗುವ ಕೋಣೆ, ಅದರ ಮೇಲೆ ಏಣಿ ಹತ್ತಿ ಹೋಗುವ ಅಟ್ಟ. ಕಿಟಕಿಗಳೆಲ್ಲ ಪಶ್ಚಿಮಕ್ಕೆ, ಹೆದ್ದಾರಿಯ ಕಡೆಗೆ. ಪೂರ್ವದ ಗೋಡೆಗೆ ಕಿಟಕಿ ಇಡುವಂತಿರಲಿಲ್ಲ. ಅದರ ಆಚೆ ಬದಿಗೆ ಸಿನಿಮಾ ಓಡುತ್ತಿತ್ತು.

ಮರುವರ್ಷ ಅರ್ಲೀನ್ ಹುಟ್ಟಿದಳು. ಆಮೇಲೆ ಅವರಿಗೆ ಮಕ್ಕಳಾಗಲಿಲ್ಲ. ಅಟ್ಟದಲ್ಲಿ ಒಂದು ಕಬ್ಬಿಣದ ಮಂಚ ಹಾಕಿ ಅವಳಿಗೆ ಕೊಟ್ಟರು. ನಾಲ್ಕು ವರ್ಷದವಳಿದ್ದಾಗ ಗೋಡೆಯಾಚೆ ದೊಡ್ಡ ದೊಡ್ಡ ಮನುಷ್ಯರು ಬಾಡಿಗೆಗೆ ಇದ್ದಾರೆ ಎಂದೇ ಅವಳು ನಂಬಿದ್ದಳು.

“ಮಾ, ಅವರು ಊಟಕ್ಕೆ ಯಾಕೆ ಬರಲ್ಲ?”

“ಅವರಿಗೆ ಹಸಿವಾಗಲ್ಲ ಕಣೇ. ಮುತ್ತಲ್ಲೇ ಹೊಟ್ಟೆ ತುಂಬ್ಕೋತಾರೆ,” ಎಂದು ವ್ಲಾಸ್ತಾ ಹಿಟ್ಟು ನಾದುತ್ತಲೇ ಹೇಳಿದ್ದು ನನಗೆ ನೆನಪಿದೆ.

ನಾನು ಊರಿನ ಅಂಚೆ ಕಚೇರಿಯಲ್ಲಿ ಗುಮಾಸ್ತೆ. ಹೆಸರು ಲುದ್ಮಿಲಾ, ಎಲ್ಲರ ಬಾಯಲ್ಲಿ ಲೀಡಾ. ವಾರವಿಡೀ ಊರಿನ ಪತ್ರ ವಿಂಗಡಿಸಿ, ಶನಿವಾರ ಸಂಜೆ ಮೆಡೋಲಾರ್ಕ್ ಕ್ಯಾಂಟೀನಿನಲ್ಲಿ ಪಾಪ್‌ಕಾರ್ನ್ ತುಂಬಿಕೊಡಲು ಹೋಗುತ್ತಿದ್ದೆ. ಆಗಿನ ಶನಿವಾರಗಳು ಹೇಗಿರುತ್ತಿದ್ದವು ಎಂದರೆ, ಇನ್ನೂರ ಎಂಬತ್ತು ಕಾರು ಹಿಡಿಯುವ ಬಯಲು ಸೂರ್ಯ ಇಳಿಯುವ ಮೊದಲೇ ತುಂಬಿ, ಕೊನೆಗೆ ಬಂದವರು ಬೇಲಿಯಾಚೆ ಗೋಧಿ ಹೊಲದ ಅಂಚಿನಲ್ಲಿ ಲಾರಿ ನಿಲ್ಲಿಸಿ ಮೇಲೆ ಹತ್ತಿ ಕೂರುತ್ತಿದ್ದರು. ಸಾಲುಸಾಲು ಮಣ್ಣಿನ ಏರಿ. ಏರಿಗೆ ಮುಂದಿನ ಚಕ್ರ ಹತ್ತಿಸಿದರೆ ಕಾರಿನ ಮೂತಿ ಮೇಲಾಗಿ ಪರದೆ ನೇರ ಕಾಣುತ್ತಿತ್ತು. ಪ್ರತಿ ಕಾರಿನ ಪಕ್ಕಕ್ಕೂ ಒಂದು ಕಂಬ, ಕಂಬದಲ್ಲಿ ಸ್ಪೀಕರು. ಅದನ್ನು ಕಿಟಕಿಗೆ ಸಿಕ್ಕಿಸಿಕೊಳ್ಳಬೇಕು. ಮಕ್ಕಳು ಮಲಗುವ ಬಟ್ಟೆಯಲ್ಲೇ ಬರುತ್ತಿದ್ದರು. ವ್ಲಾಸ್ತಾ ಬೆಳಿಗ್ಗೆಯಿಂದ ಸುಟ್ಟಿಟ್ಟ ಕೊಲಾಚೆ, ಗಸಗಸೆ ಹೂರಣ ತುಂಬಿದ ಸಿಹಿ ಬನ್ನು, ಮೊದಲ ಆಟ ಮುಗಿಯುವುದರೊಳಗೆ ಖಾಲಿ.

ವ್ಲಾಸ್ತಾಳಿಗೆ ಇನ್ನೊಂದು ಕೆಲಸವೂ ಇತ್ತು. ಕೊನೆಯ ಸಾಲಿನ ಕಾರುಗಳಲ್ಲಿ ಕೂರುವ ಹರೆಯದವರು ಸಿನಿಮಾ ನೋಡಲು ಬರುತ್ತಿರಲಿಲ್ಲ ಎಂಬುದು ಊರಿಗೇ ಗೊತ್ತಿತ್ತು. ಪಾದ್ರಿಗಳು ಭಾನುವಾರದ ಉಪದೇಶದಲ್ಲಿ ಹೆಸರೆತ್ತದೆ, “ಹೆದ್ದಾರಿಯ ಪಕ್ಕದ ಕತ್ತಲೆ” ಎನ್ನುತ್ತಿದ್ದರು. ಆ ಮಾತಿಗೆ ವ್ಲಾಸ್ತಾ ಚರ್ಚಿನ ಬೆಂಚಿನಲ್ಲಿ ಕುಳಿತಲ್ಲೇ ಕೆಂಪಾಗುತ್ತಿದ್ದಳು. ಹಾಗಾಗಿ ಅವಳು ಟಾರ್ಚು ಹಿಡಿದು ಸಾಲಿನಿಂದ ಸಾಲಿಗೆ ತಿರುಗಿ, ಮಂಜು ಕಟ್ಟಿದ ಗಾಜಿನ ಮೇಲೆ ಟಕಟಕ ಬಡಿದು, “ನಿಮ್ಮಮ್ಮನ ಫೋನ್ ನಂಬರ್ ನನ್ಹತ್ರ ಇದೆ ಕಣಯ್ಯಾ,” ಎನ್ನುತ್ತಿದ್ದಳು. ಹುಡುಗರು ಅವಳಿಗೆ ದೀಪಸ್ತಂಭ ಎಂದು ಹೆಸರಿಟ್ಟಿದ್ದರು. ಅವರೆಲ್ಲರ ಎದೆಯಲ್ಲಿ ಅವಳ ಮೇಲೆ ಸಣ್ಣದೊಂದು ಸಿಟ್ಟು ಬೆಚ್ಚಗೆ ಕುಳಿತಿತ್ತು.

ಆ ಸಿಟ್ಟು ಹೊರಬಂದದ್ದು ಅರವತ್ತೆಂಟನೇ ಇಸವಿ ಜೂನ್ ತಿಂಗಳ ಒಂದು ಶನಿವಾರ. ಅರ್ಲೀನ್‌ಗೆ ಆಗ ಹದಿನೇಳು. ಎತ್ತರದ ಹುಡುಗಿ, ಮಾತು ಕಡಿಮೆ, ಅಪ್ಪನ ಹಾಗೆ. ಕ್ಯಾಂಟೀನಿನಲ್ಲಿ ಸಾಸೇಜು ಸುಡುವುದು, ಬನ್ನಿನಲ್ಲಿಟ್ಟು ಕೊಡುವುದು ಅವಳ ಕೆಲಸ. ಮೊದಲ ಚಿತ್ರ ಮುಗಿದು ಮಧ್ಯಂತರವಾಯಿತು, ನಲವತ್ತು ಜನ ಸಾಲು ನಿಂತರು, ಅರ್ಲೀನ್ ಇಲ್ಲ. ವ್ಲಾಸ್ತಾ ಒಂದು ಕೈಯಲ್ಲಿ ಕೋಲಾ ಸುರಿಯುತ್ತಾ ಇನ್ನೊಂದು ಕೈಯಲ್ಲಿ ಸಾಸೇಜು ತಿರುಗಿಸುತ್ತಾ ಬೆವರುತ್ತಿದ್ದಳು. ಆಗ ಸಾಲಿನಲ್ಲಿದ್ದ ಸೆಡ್ಲಾಚೆಕ್ ಮನೆಯಾಕೆ, ಪಾದ್ರಿಗಳ ಮನೆಗೆ ಅಡುಗೆ ಮಾಡಿ ಹಾಕುವವಳು, ನಗುನಗುತ್ತಾ ಅಂದಳು: “ಮಗಳೆಲ್ಲಿ ಕಾಣಿಸ್ತಿಲ್ಲ ವ್ಲಾಸ್ತಾ? ಊರೋರ ಮಕ್ಕಳಿಗೆಲ್ಲ ಟಾರ್ಚ್ ಬಿಡ್ತೀಯ. ನಿನ್ನ ಮಗಳು ಯಾವ ಕಾರಲ್ಲಿದಾಳೋ ನೋಡ್ಕೊಂಡ್ಯಾ?”

ಹಿಂದಿದ್ದ ಇಬ್ಬರು ನಕ್ಕರು. ಅಷ್ಟೇ ಆದದ್ದು. ನಾನು ಪಾಪ್‌ಕಾರ್ನ್ ಯಂತ್ರದ ಪಕ್ಕದಲ್ಲೇ ಇದ್ದೆ, ವ್ಲಾಸ್ತಾಳ ಕಿವಿ ಕೆಂಪೇರಿದ್ದನ್ನು ನೋಡಿದೆ. ಅವಳು ಕೈ ಒರೆಸಿಕೊಂಡು, ಕ್ಯಾಂಟೀನಿನ ಹಿಂದೆಯೇ ಇದ್ದ ಪ್ರೊಜೆಕ್ಟರ್ ಕೋಣೆಗೆ ನಡೆದಳು. ಅಲ್ಲಿ ಮೈಕು ಇತ್ತು. “ಇನ್ನು ಐದು ನಿಮಿಷದಲ್ಲಿ ಎರಡನೇ ಆಟ,” “ಹಸಿರು ಕಾರಿನವರು ದೀಪ ಆರಿಸಿ,” ಎಂದೆಲ್ಲ ಎಮಿಲ್ ಹೇಳುತ್ತಿದ್ದುದು ಅದರಲ್ಲೇ. ಅದರಲ್ಲಿ ಆಡಿದ ಮಾತು ಇನ್ನೂರ ಎಂಬತ್ತು ಕಾರಿನ ಒಳಗೂ ಕೇಳುತ್ತಿತ್ತು. ರೀಲು ಬದಲಿಸುತ್ತಿದ್ದ ಎಮಿಲ್, “ಏನೇ?” ಎಂದು ತಿರುಗುವಷ್ಟರಲ್ಲಿ ಅವಳು ಗುಂಡಿ ಒತ್ತಿಯಾಗಿತ್ತು.

“ಅರ್ಲೀನ್ ವೋಂದ್ರಾ. ಯಾವ ಕಾರಲ್ಲಿ ಯಾರ ಜೊತೆ ಕೂತಿದ್ದೀಯೋ, ಈಗಿಂದೀಗ್ಲೇ ಇಳಿದು ಬಾ. ನಿಮ್ಮಮ್ಮ ಕರೀತಿದಾಳೆ.”

ಆಮೇಲೆ ಹಿಂದಿನ ಸಾಲಿನಿಂದ ಒಂದು ಹಾರನ್ನು. ಇನ್ನೊಂದು. ಹತ್ತು. ನೂರು. ದೀಪಸ್ತಂಭದ ಮಗಳೇ ಸಿಕ್ಕಿಬಿದ್ದಳು ಎಂಬ ಖುಷಿ. ಒಂಬತ್ತನೇ ಸಾಲಿನಲ್ಲಿ ಯಾವುದೋ ಕಾರಿನ ಬಾಗಿಲು ತೆರೆಯಿತು. ಯಾವ ಕಾರೆಂದು ಕತ್ತಲಲ್ಲಿ ಯಾರಿಗೂ ಕಾಣಲಿಲ್ಲ. ಕಂಡದ್ದು ನಡೆದುಬರುವ ಹುಡುಗಿ ಮಾತ್ರ, ಏಕೆಂದರೆ ಅಷ್ಟರಲ್ಲಿ ಒಬ್ಬೊಬ್ಬರೇ ಕಾರಿನ ಮುಂದಿನ ದೀಪ ಹಾಕತೊಡಗಿದ್ದರು. ಸೊಂಟಕ್ಕೆ ಕ್ಯಾಂಟೀನಿನ ಏಪ್ರನ್ ಇನ್ನೂ ಕಟ್ಟಿಕೊಂಡೇ ಇದ್ದಳು. ಒಂದು ಕೈಯನ್ನು ಕಣ್ಣಿಗೆ ಅಡ್ಡ ಹಿಡಿದು, ಓಡದೆ, ಅಳದೆ, ಒಂಬತ್ತು ಸಾಲು ದಾಟಿ ಬಂದಳು. ಒಳಗೆ ಬಂದು ಕೈ ತೊಳೆದಳು. ಸಾಸೇಜಿನ ತಟ್ಟೆಯ ಮುಂದೆ ನಿಂತು ಸಾಲಿನಲ್ಲಿ ಮೊದಲಿದ್ದವನನ್ನು ಕೇಳಿದಳು: “ಸಾಸಿವೆ ಹಾಕ್ಲಾ?”

ಕೇಳಿದ ದನಿಯಲ್ಲಿ ನಡುಕವಿರಲಿಲ್ಲ.

ಸೋಮವಾರದ ಹೊತ್ತಿಗೆ ಊರು ಒಬ್ಬ ಹುಡುಗನನ್ನು ಹುಡುಕಿಯಾಗಿತ್ತು. ಟ್ರ್ಯಾಕ್ಟರ್ ಮಾರುವವರ ಮಗ ಡ್ವೇನ್. ಅವನನ್ನು ಕೇಳಿದರೆ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ, ಹಲ್ಲು ಕಿರಿದ. ಅಷ್ಟು ಸಾಕಾಯಿತು. ವ್ಲಾಸ್ತಾ ಮಗಳನ್ನು ಏನೂ ಕೇಳಲಿಲ್ಲ. ಅರ್ಲೀನ್ ಏನೂ ಹೇಳಲಿಲ್ಲ. ಮುಂದಿನ ಹನ್ನೊಂದು ತಿಂಗಳು ಆ ಗೋಪುರದೊಳಗೆ ಮೂರು ಜನ “ಉಪ್ಪು ಕೊಡು”, “ಬಾಗಿಲು ಹಾಕು” ಎಂಬಷ್ಟರಲ್ಲಿ ಬದುಕಿದರು. ಶಾಲೆ ಮುಗಿದ ವಾರವೇ ಅರ್ಲೀನ್ ನರ್ಸ್ ತರಬೇತಿಗೆಂದು ಡೆನ್ವರ್‌ಗೆ ಬಸ್ಸು ಹತ್ತಿದಳು. ಅರ್ಜಿಗೆ ಎಮಿಲ್ ಹೆಂಡತಿಗೆ ಹೇಳದೆ ಸಹಿ ಹಾಕಿಕೊಟ್ಟಿದ್ದ.

ಅವಳ ಪತ್ರ ಬರುತ್ತದೆಯೇ ಎಂದು ವ್ಲಾಸ್ತಾ ದಿನಾ ಅಂಚೆ ಕಚೇರಿಗೆ ಬರುತ್ತಿದ್ದಳು. ಕೇಳುತ್ತಿರಲಿಲ್ಲ, ಒಂದು ಸ್ಟಾಂಪು ಕೊಂಡು, ನನ್ನ ಮುಖ ನೋಡಿ ಹೋಗುತ್ತಿದ್ದಳು. ಅಕ್ಟೋಬರದಲ್ಲಿ ಪತ್ರ ಬಂತು, ಆದರೆ ನನ್ನ ಹೆಸರಿಗೆ. ಅದರಲ್ಲಿ ಅರ್ಲೀನ್ ಆ ಸಂಜೆಯ ಮಾತು ಬರೆದಿದ್ದಳು. ಅವಳು ಕೂತಿದ್ದದ್ದು ಶಾಲೆಯ ವಿಜ್ಞಾನದ ಟೀಚರ್ ಮಿಸ್ ಹ್ಯಾಡಿಕ್ಸ್ ಕಾರಿನಲ್ಲಿ. ಆಕೆ ನರ್ಸ್ ತರಬೇತಿಯ ಅರ್ಜಿ ತಂದುಕೊಟ್ಟಿದ್ದರು. ಕಾರಿನ ಪುಟ್ಟ ದೀಪದಲ್ಲಿ ಇಬ್ಬರೂ ಅದನ್ನು ತುಂಬುತ್ತಿದ್ದರು. ಅರ್ಜಿಯ ಕೊನೆಯಲ್ಲಿ ತಂದೆ ಅಥವಾ ತಾಯಿಯ ಸಹಿ ಬೇಕಿತ್ತು. ಎಲ್ಲ ತುಂಬಿ, ಆಟ ಮುಗಿದ ಮೇಲೆ ಅಮ್ಮನಿಗೆ ತೋರಿಸಬೇಕೆಂದಿದ್ದಳಂತೆ. ಹಾರನ್ನುಗಳು ಶುರುವಾದಾಗ ಮಿಸ್ ಹ್ಯಾಡಿಕ್ಸ್ ಕೈಕಾಲು ಆಡದೆ ಸೀಟಿನಲ್ಲೇ ಮುದುಡಿ ಕೂತುಬಿಟ್ಟರಂತೆ. ಮರುವರ್ಷ ಅವರೂ ಊರು ಬಿಟ್ಟು ಹೋದರು.

ಪತ್ರದ ಕೊನೆಯಲ್ಲಿ ಹೀಗಿತ್ತು: “ಮಾಗೆ ಇದನ್ನ ಹೇಳಬೇಡ ಅತ್ತೆ. ಬೇಕಾದರೆ ಅವಳೇ ನನ್ನ ಕೇಳಲಿ. ಕೇಳಿದ ದಿನವೇ ಹೇಳ್ತೀನಿ.”

ನಾನು ಹೇಳಲಿಲ್ಲ. ಅಂಚೆಯವಳು ಇನ್ನೊಬ್ಬರ ಕಾಗದದ ಮಾತು ಆಡಬಾರದು ಎಂಬುದು ನನಗೆ ಮೈಗೂಡಿದ ಗುಣ. ಆದರೆ ನಿಜ ಹೇಳಬೇಕೆಂದರೆ, ಇಬ್ಬರಲ್ಲಿ ಒಬ್ಬರು ಇಂದಲ್ಲ ನಾಳೆ ಸೋಲುತ್ತಾರೆ ಎಂದುಕೊಂಡಿದ್ದೆ. ಹದಿನೆಂಟು ವರ್ಷ ಹಾಗೆಯೇ ಅಂದುಕೊಂಡೆ.

ಎಮಿಲ್ ಎಪ್ಪತ್ತನಾಲ್ಕರ ಫೆಬ್ರವರಿಯಲ್ಲಿ ಹಿಮ ಗೋರುತ್ತಿದ್ದವನು ಸಲಿಕೆಯ ಮೇಲೆಯೇ ಕುಸಿದು ತೀರಿಕೊಂಡ. ಅರ್ಲೀನ್ ಬಂದಳು, ಗೋರಿಯ ಆಚೆ ಬದಿಗೆ ನಿಂತಳು. ಚರ್ಚಿನ ಹಾಲಿನಲ್ಲಿ ವ್ಲಾಸ್ತಾ ಕೊಲಾಚೆಯ ತಟ್ಟೆ ಹಿಡಿದು ಎಲ್ಲರನ್ನೂ ದಾಟಿ ಮಗಳ ಹತ್ತಿರ ಹೋದದ್ದನ್ನು ನಾನು ನೋಡಿದೆ. ಈಗ ಮಾತು ಹೊರಡುತ್ತದೆ ಎಂದುಕೊಂಡೆ.

“ತಿಂದ್ಯಾ?”

“ತಿಂದೆ.”

ಸಂಜೆಯ ಬಸ್ಸಿಗೆ ಅರ್ಲೀನ್ ಹೊರಟುಹೋದಳು.

ಮೆಡೋಲಾರ್ಕ್ ಅನ್ನು ಮುಚ್ಚು ಎಂದು ಎಲ್ಲರೂ ಹೇಳಿದರು. ವ್ಲಾಸ್ತಾ ಎಮಿಲ್‌ನ ಪುಸ್ತಕ ನೋಡಿಕೊಂಡು ಪ್ರೊಜೆಕ್ಟರ್ ಓಡಿಸಲು ತಾನೇ ಕಲಿತಳು. ಒಂದನ್ನು ಮಾತ್ರ ಮುಟ್ಟಲಿಲ್ಲ, ಆ ಮೈಕನ್ನು. ಯಾರದೋ ಕಾರಿನ ದೀಪ ಉರಿಯುತ್ತಿದ್ದರೆ, ಯಾರದೋ ಮಗು ಆಟದ ಜಾರುಬಂಡೆಯ ಹತ್ತಿರ ಅಳುತ್ತಿದ್ದರೆ, ಸಾಲಿನಿಂದ ಸಾಲಿಗೆ ನಡೆದು ಹೋಗಿ, ಬಗ್ಗಿ, ಅವರ ಕಿವಿಯಲ್ಲಿ ಹೇಳಿ ಬರುತ್ತಿದ್ದಳು. ಮೊಣಕಾಲು ನೋವು ಶುರುವಾದ ಮೇಲೂ ಹಾಗೆಯೇ. ಮಂಜು ಕಟ್ಟಿದ ಗಾಜುಗಳನ್ನು ಮಾತ್ರ ಅವಳು ಬಡಿಯುವುದನ್ನು ಬಿಟ್ಟಿದ್ದಳು.

ಬಡಿಯಲು ಕಾರುಗಳೂ ಉಳಿಯಲಿಲ್ಲ. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುವ ನಿಯಮವನ್ನು ಸರಕಾರ ತಂದ ಮೇಲೆ ಜೂನ್ ತಿಂಗಳಲ್ಲಿ ಕತ್ತಲಾಗುವುದೇ ಒಂಬತ್ತೂವರೆಗೆ. ಬೆಳಿಗ್ಗೆ ಹಾಲು ಕರೆಯುವವರು ಎಲ್ಲಿ ಕಾಯುತ್ತಾರೆ? ಎದುರಿಗೆ ಕೃಷಿ ಯಂತ್ರ ಮಾರುವವರ ಅಂಗಳ ಬಂತು. ಅವರ ಎತ್ತರದ ದೀಪಗಳ ಬೆಳಕಿಗೆ ಪರದೆಯ ಮೇಲಿನ ಮುಖಗಳು ಹಾಲಿಗೆ ನೀರು ಬೆರೆಸಿದಂತಾದವು. ಪೆಟ್ರೋಲ್ ಬಂಕಿನಲ್ಲಿ ವಿಡಿಯೋ ಕ್ಯಾಸೆಟ್ಟು ಬಾಡಿಗೆಗೆ ಸಿಗತೊಡಗಿತು. ಬತ್ತಲೆ ಚಿತ್ರ ಹಾಕಿದರೆ ಕಾರು ಬರುತ್ತವೆ ಎಂದು ಚಿತ್ರ ಕಳಿಸುವವನು ಒಂದು ಸಲ ಹೇಳಿದಾಗ ವ್ಲಾಸ್ತಾ, “ನಿಮ್ಮ ತಾಯೀನ ಕರ್ಕೊಂಡ್ ಬಾ. ಆಕೆ ನೋಡ್ತೀನಿ ಅಂದ್ರೆ ಹಾಕ್ತೀನಿ,” ಎಂದಳು. ಕೊನೆಕೊನೆಗೆ ಶನಿವಾರ ಹನ್ನೊಂದು ಕಾರು ಬಂದರೆ ಹೆಚ್ಚು.

“ಯಾರಿಗೋಸ್ಕರ ಇಟ್ಕೊಂಡಿದ್ದೀಯ ಅತ್ತಿಗೆ ಇದನ್ನ?” ಎಂದು ಒಂದು ಸಂಜೆ ಕೇಳಿದೆ.

“ಅವಳು ಬಂದ್ರೆ ಎಲ್ಲಿಗೆ ಬರ್ಬೇಕು? ಮಂಚ ಇಲ್ಲೇ ಇದ್ಯಲ್ಲ.”

“ನೀನೇ ಒಂದ್ಸಲ ಕೇಳು ಅವಳನ್ನ. ಆ ದಿನ ಏನಾಯ್ತು ಅಂತ.”

“ಏನ್ ಕೇಳೋದು? ಇನ್ನೂರ ಎಂಬತ್ತು ಕಾರು ನೋಡಿವೆ.” ಆಮೇಲೆ ಅಂದಳು, “ನಾನು ಅವಳನ್ನ ಯಾವತ್ತೋ ಕ್ಷಮಿಸಿದೀನಿ ಲೀಡಾ. ಚಿಕ್ಕ ವಯಸ್ಸು, ತಪ್ಪು ಮಾಡಿದ್ಲು.”

ನನ್ನ ನಾಲಿಗೆಯ ತುದಿಗೆ ಬಂದ ಮಾತನ್ನು ನಾನು ಚಹಾದ ಜೊತೆ ನುಂಗಿದೆ.

ಎಂಬತ್ತೇಳರ ಜೂನ್ ತಿಂಗಳಲ್ಲಿ, ಒಂದು ಮಧ್ಯಾಹ್ನ ನಾಲ್ಕು ಗಂಟೆಗೆ, ವಾಯವ್ಯದಿಂದ ಬಿರುಗಾಳಿ ಎದ್ದಿತು. ವ್ಲಾಸ್ತಾ ಕ್ಯಾಂಟೀನಿನಲ್ಲಿ ಪಾಪ್‌ಕಾರ್ನ್ ಯಂತ್ರ ಉಜ್ಜುತ್ತಿದ್ದಳು. ಅವಳೇ ಹೇಳಿದಂತೆ, ಮೊದಲು ದೊಡ್ಡ ಹಲ್ಲು ಕೀಳುವಂಥ ಶಬ್ದ. ತಲೆ ಎತ್ತಿ ನೋಡಿದರೆ ಪರದೆ ಅವಳ ಕಡೆಗೆ ಬಾಗುತ್ತಿತ್ತು. ಮುಖ ಅಡಿಯಾಗಿ, ಖಾಲಿ ಬಯಲಿನ ಮೇಲೆ ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಅವಳ ಅಡುಗೆಮನೆಯ ನೆಲ ಮಾತ್ರ ಅಲ್ಲೇ ಉಳಿಯಿತು, ಅದರ ಮೇಲೆ ಒಲೆ, ಒಲೆಯ ಮೇಲೆ ಕೆಟಲು. ಉಳಿದದ್ದೆಲ್ಲ ಬಯಲಾಯಿತು. ಅವಳ ಲಂಗ, ಎಮಿಲ್‌ನ ಹಳೆ ಕೋಟು ಸ್ಪೀಕರ್ ಕಂಬಗಳಿಗೆ ಸುತ್ತಿಕೊಂಡಿದ್ದವು. ಅರ್ಲೀನಳ ಮಂಚ ಹೆದ್ದಾರಿಯ ಚರಂಡಿಯಲ್ಲಿ ಕಾಲು ಮೇಲಾಗಿ ಬಿದ್ದಿತ್ತು.

ಸುದ್ದಿ ಕೇಳಿ ಊರೆಲ್ಲ ಕಾರು ತೆಗೆದುಕೊಂಡು ನೋಡಲು ಬಂತು. ಹತ್ತು ಹನ್ನೆರಡು ವರ್ಷಗಳಲ್ಲಿ ಆ ಬಯಲಿಗೆ ಅಷ್ಟು ಕಾರು ಬಂದಿರಲಿಲ್ಲ. ಜನ ಇಳಿಯದೆ, ಕಿಟಕಿಯೊಳಗಿನಿಂದಲೇ ಅವಳ ಮನೆಯ ಒಳಗನ್ನು ನೋಡಿದರು. ವ್ಲಾಸ್ತಾ ಕ್ಯಾಂಟೀನಿನ ಮೆಟ್ಟಿಲ ಮೇಲೆ ಕೂತಿದ್ದಳು. ನಾನು ಅವಳ ಭುಜಕ್ಕೆ ಶಾಲು ಹೊದಿಸಿದೆ.

“ಟಿಕೆಟ್ ಇಡ್ಬೇಕಿತ್ತು,” ಎಂದಳು.

ಅವಳನ್ನು ನನ್ನ ಮನೆಗೆ ಕರೆತಂದೆ. ಅಂದೇ ಡೆನ್ವರ್‌ಗೆ ಫೋನು ಮಾಡಿದೆ. “ಅವಳಿಗೇನಾದ್ರೂ ಆಯ್ತಾ?” ಎಂದು ಕೇಳಿದಳು ಅರ್ಲೀನ್. ಇಲ್ಲ ಎಂದೆ. “ಇನ್ಮೇಲೆ ಎಲ್ಲಿ ಮಲಗ್ತಾಳೆ?” “ನನ್ನ ಮನೇಲಿ.” “ಒಳ್ಳೇದಾಯ್ತು ಅತ್ತೆ.” ಬರುತ್ತೇನೆ ಎನ್ನಲಿಲ್ಲ.

ವ್ಲಾಸ್ತಾ ನನ್ನ ಮನೆಯಲ್ಲಿ ನನಗಿಂತ ಮೊದಲು ಎದ್ದು, ನನಗಿಂತ ಕಡಿಮೆ ಮಾತಾಡಿ ನಾಲ್ಕು ತಿಂಗಳು ಕಳೆದಳು. ಅಕ್ಟೋಬರದ ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಇಬ್ಬರೂ ಇದ್ದೆವು. ಅವಳ ಬೆರಳ ಗಂಟುಗಳು ಆಗಲೇ ಊದಿಕೊಂಡಿದ್ದವು, ಪೆನ್ನು ಹಿಡಿಯಲಾಗುತ್ತಿರಲಿಲ್ಲ.

“ಲೀಡಾ, ಒಂದು ಕಾಗದ ಬರ್ಕೊಡು.”

ನಾನು ಹಾಳೆ ತಂದು ಕೂತೆ. ಅವಳು ಕಿಟಕಿಯ ಕಡೆ ನೋಡುತ್ತಾ ಹೇಳಿದಳು. ನಾನು ಅವಳು ಹೇಳಿದಂತೆಯೇ ಬರೆದೆ.

“ಅರ್ಲೀನ್, ಆ ದಿನ ನೀನು ಯಾರ ಜೊತೆ ಕೂತಿದ್ದೆ ಅನ್ನೋದು ನಂಗೆ ಬೇಡ. ಯಾರ ಜೊತೆ ಕೂತಿದ್ರೂ ನಾನು ಹಾಗೆ ಕರೀಬಾರ್ದಿತ್ತು. ನೀನು ಆ ದೀಪದಲ್ಲಿ ನಡ್ಕೊಂಡು ಬಂದಿದ್ದು ನಂಗೆ ದಿನಾ ಕಾಣುತ್ತೆ.”

ಅಲ್ಲಿಗೆ ನಿಲ್ಲಿಸಿದಳು. ಮುಂದೆ ಏನು ಎಂದು ಯೋಚಿಸುತ್ತಿದ್ದಳು. ನಾನು ಸುಮ್ಮನಿರಬೇಕಿತ್ತು. ಆ ಮೂರು ಸಾಲನ್ನು ಮಡಿಚಿ ಲಕೋಟೆಗೆ ಹಾಕಿ ಸ್ಟಾಂಪು ಅಂಟಿಸಿದ್ದರೆ ಸಾಕಿತ್ತು. ಅದು ನನ್ನ ಉದ್ಯೋಗ. ಆದರೆ ಇಷ್ಟು ವರ್ಷ ಹೊತ್ತದ್ದನ್ನು ಇಳಿಸಲು ಇದೇ ಹೊತ್ತು, ಇದರಿಂದ ಅವಳಿಗೆ ಸಮಾಧಾನವಾಗುತ್ತದೆ ಎಂದುಕೊಂಡೆ.

“ಅತ್ತಿಗೆ, ಅವಳು ಡ್ವೇನ್ ಜೊತೆ ಇರ್ಲಿಲ್ಲ. ಟೀಚರ್ ಜೊತೆ ಇದ್ಲು. ಮಿಸ್ ಹ್ಯಾಡಿಕ್ಸ್. ನರ್ಸ್ ಅರ್ಜಿ ತುಂಬ್ತಿದ್ರು. ನಿನ್ನ ಸಹಿಗೆ ತರೋಳಿದ್ಲು.”

ವ್ಲಾಸ್ತಾ ನನ್ನ ಕಡೆ ತಿರುಗಲಿಲ್ಲ. “ನಿಂಗೆ ಯಾವಾಗಿಂದ ಗೊತ್ತು?”

“ಅವಳು ಡೆನ್ವರ್‌ಗೆ ಹೋದ ವರ್ಷದಿಂದ. ಹೇಳ್ಬೇಡ ಅಂದಿದ್ಲು.”

“ನಾನು ಅವಳನ್ನ ಕ್ಷಮಿಸಿದೀನಿ ಅಂತ ಹೇಳ್ಕೊಂಡು ತಿರುಗ್ತಿದ್ದೆ,” ಎಂದಳು. “ಕ್ಷಮಿಸೋಕೆ ಅಲ್ಲಿ ಏನಿತ್ತು?”

ಎದ್ದು ಬಂದು ನನ್ನ ಮುಂದಿನ ಹಾಳೆ ತೆಗೆದುಕೊಂಡಳು. ಒಂದು ಸಲ ನೋಡಿ, ಸೌದೆ ಒಲೆಯ ಬಾಗಿಲು ತೆರೆದು ಒಳಗೆ ಹಾಕಿದಳು. “ಇದನ್ನ ಕಾಗದದಲ್ಲಿ ಬರೆಯೋದಲ್ಲ. ನಾನೇ ಹೋಗ್ಬೇಕು.”

ಅವಳು ನನ್ನನ್ನು ಬೈಯಲಿಲ್ಲ. ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ, ಅಷ್ಟೇ. ನಾಲ್ಕನೇ ದಿನ ಇಬ್ಬರೂ ಡೆನ್ವರ್ ಬಸ್ಸಿನಲ್ಲಿದ್ದೆವು, ಅವಳ ತೊಡೆಯ ಮೇಲೆ ಕೊಲಾಚೆಯ ಡಬ್ಬಿ.

ಅರ್ಲೀನ್ ಎರಡನೇ ಮಹಡಿಯ ಅಚ್ಚುಕಟ್ಟಾದ ಮನೆಯಲ್ಲಿದ್ದಳು. ಮೂವತ್ತಾರು ವಯಸ್ಸು, ಮದುವೆಯಾಗಿರಲಿಲ್ಲ, ಮಕ್ಕಳ ಆಸ್ಪತ್ರೆಯಲ್ಲಿ ಕೆಲಸ. ಬಾಗಿಲು ತೆರೆದು, “ಬಾ ಮಾ. ಅತ್ತೆ, ಬಾ,” ಎಂದಳು. ಅವಳ ಮುಖದಲ್ಲಿ ಏನೋ ಮೆತ್ತಗಾಗುತ್ತಿದ್ದುದನ್ನು ನಾನು ಕಂಡೆ. ವ್ಲಾಸ್ತಾ ಕೋಟು ಕೂಡ ಬಿಚ್ಚದೆ, ಬಸ್ಸಿನುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತನ್ನು ಬಾಗಿಲಲ್ಲೇ ಆಡಿದಳು: “ಆ ದಿನ ನಿನ್ನ ಜೊತೆ ಇದ್ದಿದ್ದು ಟೀಚರ್ ಅಂತ ಗೊತ್ತಾಯ್ತು ಅರ್ಲೀನ್. ನಂದು ತಪ್ಪಾಯ್ತು.”

ಅರ್ಲೀನ್ ನನ್ನನ್ನು ನೋಡಿದಳು. “ಅತ್ತೆ ಹೇಳಿದ್ಲಾ,” ಎಂದಳು. ಆಮೇಲೆ ತಾಯಿಯ ಕೈಯಿಂದ ಡಬ್ಬಿ ತೆಗೆದುಕೊಂಡು, “ಪರವಾಗಿಲ್ಲ ಮಾ. ಬಹಳ ಹಿಂದಿನ ಮಾತು,” ಎಂದಳು. ಮೆತ್ತಗಾಗುತ್ತಿದ್ದದ್ದು ಅಲ್ಲಿಗೆ ನಿಂತಿತು.

ಎರಡು ದಿನ ಇದ್ದೆವು. ಸೂಪು ಮಾಡಿ ಹಾಕಿದಳು, ಬೆಟ್ಟ ಕಾಣುವ ಪಾರ್ಕಿಗೆ ಕರೆದೊಯ್ದಳು, ಮೂರು ಗಂಟೆಗೆ ಪಾಳಿಗೆ ಹೋದಳು. ಒಂದು ಕಟುಮಾತಿಲ್ಲ. ಹಿಂದಿರುಗುವ ಬಸ್ಸಿನಲ್ಲಿ ರಾಜ್ಯದ ಗಡಿ ದಾಟಿದ ಮೇಲೆ ವ್ಲಾಸ್ತಾ ಅಂದಳು: “ನಂಗೆ ಹ್ಯಾಗೆ ಟವೆಲ್ ಕೊಟ್ಲು ನೋಡಿದ್ಯಾ? ಅಂಗಡಿ ಚೀಟಿ ಕೂಡ ಕಿತ್ತಿರ್ಲಿಲ್ಲ. ನೆಂಟರಿಗೆ ತಂದಿಟ್ಟಿದ್ದು.”

ಆ ಚಳಿಗಾಲದಲ್ಲೇ ಅವಳು ಜಾಗ ಮಾರಿದಳು. ಕೊಂಡವನು ಹಲಗೆ, ಕಂಬ, ತಗಡು ಎಲ್ಲ ಒಯ್ದು, ಏರಿಗಳನ್ನು ಮಟ್ಟ ಮಾಡಿ ಜೋಳ ಬಿತ್ತಿದ. ಎರಡು ಬೆಳೆಯಾಗುವುದರೊಳಗೆ, ಅಲ್ಲಿ ಏನಿತ್ತು ಎಂದು ತೋರಿಸಲು ಬೇಲಿಯ ಮೂಲೆ ಕೂಡ ಉಳಿಯಲಿಲ್ಲ.

ತೊಂಬತ್ತೊಂದರಲ್ಲಿ ವ್ಲಾಸ್ತಾಳ ಹೊಟ್ಟೆಯಲ್ಲಿ ಗೆಡ್ಡೆ ಕಂಡಿತು. ಕಂಡಾಗ ಆಗಲೇ ಹೊತ್ತು ಮೀರಿತ್ತು. ಅರ್ಲೀನ್ ರಜೆ ಹಾಕಿ ಬಂದಳು. ಕೊನೆಯ ಒಂಬತ್ತು ದಿನ ಅವಳೇ ನೋಡಿಕೊಂಡಳು. ಅಷ್ಟು ಹಗುರವಾಗಿ ಒಂದು ದೇಹವನ್ನು ಹೊರಳಿಸುವವರನ್ನು, ತುಟಿಗೆ ನೀರು ತಾಗಿಸುವವರನ್ನು ನಾನು ನೋಡಿಲ್ಲ. ವ್ಲಾಸ್ತಾ ಕಣ್ಣು ತೆರೆದಾಗಲೆಲ್ಲ ಅವಳನ್ನೇ ನೋಡುತ್ತಿದ್ದಳು, ಕೇಳಲು ಹೆದರುವವಳ ಹಾಗೆ. ಆ ಕೈಗಳು ಮಗಳವೋ ನರ್ಸಿನವೋ ಎಂದು ಅವಳಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ.

ಮಣ್ಣು ಮಾಡಿ ಬಂದ ಮಧ್ಯಾಹ್ನ ಅರ್ಲೀನ್ ನನ್ನ ಅಡುಗೆಮನೆಯಲ್ಲಿ ಕೂತು ಕಾಫಿ ಕುಡಿದಳು. ಲೋಟ ಕೆಳಗಿಟ್ಟು ಕೇಳಿದಳು: “ನೀನು ಯಾಕೆ ಹೇಳಿದೆ ಅತ್ತೆ?”

ನಾನು ಅವಳ ಲೋಟಕ್ಕೆ ಮತ್ತಷ್ಟು ಕಾಫಿ ಬಗ್ಗಿಸಿದೆ.

“ನಾನು ಕಾಯ್ತಿದ್ದೆ,” ಎಂದಳು. “ನಾನು ಡ್ವೇನ್ ಜೊತೇನೇ ಇದ್ದೆ ಅಂತ ಅಂದ್ಕೊಂಡೇ ಅವಳು ನನ್ನ ಹುಡ್ಕೊಂಡು ಬರ್ತಾಳಾ ಅಂತ. ಬಂದಿದ್ರೆ ಬಾಗಿಲಲ್ಲೇ ಅವಳ ಕಾಲು ಹಿಡ್ಕೋತಿದ್ದೆ. ಅವಳು ಬಂದಿದ್ದು ನಂದೇನೂ ತಪ್ಪಿಲ್ಲ ಅಂತ ಗೊತ್ತಾದ್ಮೇಲೆ. ತಪ್ಪಿಲ್ಲದ ಮಗಳ ಹತ್ರ ಯಾರು ಬೇಕಾದ್ರೂ ಬರ್ತಾರೆ.”

“ಇಲ್ಲ ಕಣೇ,” ಎಂದೆ. “ಅದಕ್ಕೆ ಮುಂಚೇನೇ ಕಾಗದ ಬರೆಸಿದ್ಲು. ಇದೇ ಮೇಜು. ಯಾರ ಜೊತೆ ಕೂತಿದ್ದೆ ಅನ್ನೋದು ನಂಗೆ ಬೇಡ ಅಂತ ಹೇಳಿದ್ಲು. ಯಾರ ಜೊತೆ ಕೂತಿದ್ರೂ ನಾನು ಹಾಗೆ ಕರೀಬಾರ್ದಿತ್ತು ಅಂತ. ಬರೆದಿದ್ದು ನಾನೇ. ಆಮೇಲೆ ನಾನು ಬಾಯಿ ಬಿಟ್ಟೆ.”

ಅರ್ಲೀನ್ ನನ್ನನ್ನೇ ನೋಡಿದಳು. “ಎಲ್ಲಿದೆ ಆ ಕಾಗದ?”

“ಒಲೆಗೆ ಹಾಕಿದ್ಲು.”

ಅವಳು ಸಣ್ಣಗೆ ನಕ್ಕಳು. ಕೈ ಚಾಚಿ ನನ್ನ ಮುಂಗೈ ಮೇಲಿಟ್ಟು ಎರಡು ಸಲ ತಟ್ಟಿದಳು, ರೋಗಿಗಳಿಗೆ ತಟ್ಟುವ ಹಾಗೆ. “ನೀನು ಯಾವಾಗ್ಲೂ ಒಳ್ಳೇವ್ಳು ಅತ್ತೆ.”

“ದೇವರಾಣೆ ಅರ್ಲೀನ್.”

“ಆಯ್ತು ಅತ್ತೆ. ಆಯ್ತು.”

ಮರುದಿನ ಬೆಳಿಗ್ಗೆ ಅವಳು ಹೊರಟಳು. ಆ ಕ್ರಿಸ್‌ಮಸ್‌ಗೆ ನಾನು ಕಾರ್ಡಿನಲ್ಲಿ ಆ ಮೂರು ಸಾಲನ್ನೂ ಒಂದಕ್ಷರ ಬಿಡದೆ ಬರೆದು ಕಳಿಸಿದೆ. ಅವಳ ಉತ್ತರ ಬಂತು. ಡೆನ್ವರ್‌ನಲ್ಲಿ ಎರಡಡಿ ಹಿಮ ಬಿದ್ದಿದೆಯಂತೆ, ನನ್ನ ಮೊಣಕಾಲು ಜೋಪಾನವಂತೆ. ಆ ಸಾಲುಗಳ ಬಗ್ಗೆ ಒಂದು ಮಾತಿರಲಿಲ್ಲ. ಕೈಬರಹ ನನ್ನದಾಗಿತ್ತಲ್ಲ, ಅವಳಾದರೂ ಏನೆಂದು ನಂಬಿಯಾಳು. ನಾನು ಮತ್ತೆ ಬರೆಯಲಿಲ್ಲ. ಈಗ ನನಗೆ ಎಪ್ಪತ್ತೊಂಬತ್ತು. ನಾವಿಬ್ಬರೂ ವರ್ಷಕ್ಕೊಂದು ಕಾರ್ಡು ಕಳಿಸಿಕೊಳ್ಳುತ್ತೇವೆ, ಹವಾಮಾನದ ಬಗ್ಗೆ.